ಮಳೆ ಬಾರದಿದ್ದರೆ, ಪ್ಯಾಡ್ ಅಡ್ಡ ಬಾರದಿದ್ದರೆ: ಕ್ರೀಡೆಯ ಇನ್ನೊಂದು ಇತಿಹಾಸ

ಉಡುಪಿ, ಮಂಗಳೂರು ಕಡೆ ಭಾನುವಾರಗಳಲ್ಲಿ ನಡೆಯುವ ಅಂಡರ್‌ಆರ್ಮ್ ಕ್ರಿಕೆಟ್ ಟೂರ್ನಿಗಳಲ್ಲಿ ಸಾಮಾನ್ಯವಾಗಿ ಎಲ್‌ಬಿಡಬ್ಲ್ಯೂ ಇರುವುದಿಲ್ಲ. ಬೌಲ್ಡ್ ಇದೆ, ಕ್ಯಾಚ್ ಇದೆ, ರನೌಟ್ ಇದೆ. ಕಾಲಿಗೆ ಬಡಿದರೆ ಮಾತ್ರ ಆಟ ಹಾಗೇ ಮುಂದೆ ಹೋಗುತ್ತದೆ. ಇದರ ಹಿಂದೆ ಒಂದು ಜಾಣತನ ಇದೆ. ಬೌಲ್ಡ್ ಆದದ್ದು ಮೈದಾನದಲ್ಲಿರುವ ಎಲ್ಲರಿಗೂ ಕಾಣುತ್ತದೆ. ಎಲ್‌ಬಿಡಬ್ಲ್ಯೂ ಹಾಗಲ್ಲ. ಅಲ್ಲಿ ಅಂಪೈರ್ ತೀರ್ಪು ಕೊಡಬೇಕಾದದ್ದು ನಡೆದ ಸಂಗತಿಯ ಬಗ್ಗೆ ಅಲ್ಲ, ನಡೆಯದೇ ಹೋದ ಸಂಗತಿಯ ಬಗ್ಗೆ. ಕಾಲು ಅಡ್ಡ ಬಾರದಿದ್ದರೆ ಚೆಂಡು ವಿಕೆಟ್‌ಗೆ ಬಡಿಯುತ್ತಿತ್ತೇ? ಪಕ್ಕದ ಊರಿನಿಂದ ಬಂದು ಬಿಸಿಲಲ್ಲಿ ನಿಂತ ಒಬ್ಬ ಅಂಪೈರ್ ಮೇಲೆ ಇಷ್ಟು ದೊಡ್ಡ ಪ್ರಶ್ನೆ ಹೊರಿಸಿದರೆ ಜಗಳ ಖಂಡಿತ. ಹಾಗಾಗಿ ಆ ನಿಯಮವನ್ನೇ ಬಿಟ್ಟಿದ್ದಾರೆ.

"ಹೀಗೆ ಆಗಿದ್ದರೆ, ಹಾಗೆ ಆಗದಿದ್ದರೆ" ಎನ್ನುವುದು ಸೋತವರು ಹೇಳಿಕೊಳ್ಳುವ ಸಮಾಧಾನ ಎಂದು ಹಲವರು ತಳ್ಳಿಹಾಕುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ವೃತ್ತಿಪರ ಕ್ರೀಡೆ ಪ್ರತಿದಿನ ಈ ಪ್ರಶ್ನೆ ಕೇಳುತ್ತದೆ, ಉತ್ತರವನ್ನು ಸ್ಕೋರ್‌ಬೋರ್ಡ್‌ನಲ್ಲಿ ಬರೆಯುತ್ತದೆ. ಅಷ್ಟೇ ಅಲ್ಲ, ಒಂದು ಗೆಲುವಿಗೆ ಅಥವಾ ಸೋಲಿಗೆ ನಿಜವಾದ ಕಾರಣ ಯಾವುದು ಎಂದು ಹುಡುಕಲು ಇದಕ್ಕಿಂತ ಒಳ್ಳೆ ದಾರಿ ನನಗೆ ಗೊತ್ತಿಲ್ಲ. ಆದರೆ ಪ್ರಶ್ನೆಯನ್ನು ಸರಿಯಾಗಿ ಕೇಳಬೇಕು. ಬೇಕಾದ ಹಾಗೆ ಕೇಳಿದರೆ ಬೇಕಾದ ಉತ್ತರ ಬರುತ್ತದೆ, ಅದರಿಂದ ಏನೂ ಸಿಗುವುದಿಲ್ಲ.

ಎಲ್‌ಬಿಡಬ್ಲ್ಯೂನಿಂದಲೇ ಶುರು ಮಾಡೋಣ. ಅಂಪೈರ್ ತೀರ್ಪನ್ನು ಮರುಪರಿಶೀಲಿಸುವ ಡಿಆರ್‌ಎಸ್ ವ್ಯವಸ್ಥೆಯಲ್ಲಿ ಕ್ಯಾಮೆರಾಗಳು ಚೆಂಡಿನ ದಾರಿಯನ್ನು ಪ್ಯಾಡ್‌ವರೆಗೆ ಹಿಂಬಾಲಿಸುತ್ತವೆ. ಅಲ್ಲಿವರೆಗಿನದು ಅಳತೆ. ಪ್ಯಾಡ್‌ನಿಂದ ಮುಂದೆ ಪರದೆಯ ಮೇಲೆ ನಾವು ನೋಡುವ ಗೆರೆ ಲೆಕ್ಕಾಚಾರ. ಆ ಚೆಂಡು ಯಾವತ್ತೂ ಆ ದಾರಿಯಲ್ಲಿ ಹೋಗಿಲ್ಲ. ಕಂಪ್ಯೂಟರ್ ಬದಲಾಯಿಸಿದ್ದು ಒಂದೇ ಒಂದು ವಿಷಯ: ಪ್ಯಾಡನ್ನು ತೆಗೆದಿದೆ. ವೇಗ, ಪುಟಿದ ಎತ್ತರ, ತಿರುವು ಎಲ್ಲವನ್ನೂ ಇದ್ದ ಹಾಗೇ ಇಟ್ಟುಕೊಂಡಿದೆ. ಎಷ್ಟು ದೂರದವರೆಗೆ ಊಹಿಸಿದೆ? ಪ್ಯಾಡ್‌ನಿಂದ ವಿಕೆಟ್‌ವರೆಗೆ, ಕೆಲವು ಅಡಿ ಮಾತ್ರ. ಅಷ್ಟಾದರೂ ಅನುಮಾನಕ್ಕೆ ಜಾಗ ಬಿಟ್ಟಿದೆ. ಚೆಂಡಿನ ಅರ್ಧಕ್ಕಿಂತ ಕಡಿಮೆ ಭಾಗ ವಿಕೆಟ್‌ಗೆ ತಾಗುತ್ತದೆ ಎಂದು ತೋರಿದರೆ ಮೈದಾನದ ಅಂಪೈರ್ ಹೇಳಿದ್ದೇ ಉಳಿಯುತ್ತದೆ. ಇದೇ ಅಂಪೈರ್ಸ್ ಕಾಲ್. ಟಿವಿ ಮುಂದೆ ಕೂತು ನಾವೆಲ್ಲ ಬೈಯುವ ಈ ನಿಯಮ ನನಗೆ ಬಹಳ ಪ್ರಾಮಾಣಿಕ ಅನ್ನಿಸುತ್ತದೆ. ಇಲ್ಲಿಂದ ಮುಂದೆ ನನಗೆ ಖಚಿತ ಇಲ್ಲ ಎಂದು ಯಂತ್ರವೇ ಒಪ್ಪಿಕೊಂಡ ಹಾಗೆ.

2011ರ ವಿಶ್ವಕಪ್ ಸೆಮಿಫೈನಲ್ ನೆನಪಿದೆ ಅಲ್ವಾ? ಮೊಹಾಲಿಯಲ್ಲಿ ಪಾಕಿಸ್ತಾನದ ವಿರುದ್ಧ ಸಚಿನ್ 23 ರನ್ ಗಳಿಸಿದ್ದಾಗ ಸಯೀದ್ ಅಜ್ಮಲ್ ಎಸೆತ ಪ್ಯಾಡ್‌ಗೆ ಬಡಿಯಿತು. ಅಂಪೈರ್ ಔಟ್ ಕೊಟ್ಟರು. ಸಚಿನ್ ರಿವ್ಯೂ ಕೇಳಿದರು. ಚೆಂಡು ಲೆಗ್ ಸ್ಟಂಪ್ ಆಚೆಗೆ ಹೋಗುತ್ತಿತ್ತು ಎಂದು ಗೆರೆ ತೋರಿಸಿತು. ಆಮೇಲೆ ಅವರು 85 ಹೊಡೆದರು, ಅಷ್ಟರಲ್ಲಿ ನಾಲ್ಕು ಕ್ಯಾಚ್ ಕೈಬಿಟ್ಟಿತು ಪಾಕಿಸ್ತಾನ. ಭಾರತ ಫೈನಲ್‌ಗೆ ಹೋದದ್ದರಲ್ಲಿ ನಡೆಯದೇ ಹೋದ ಕೆಲವು ಅಡಿಗಳ ಪಾಲೂ ಇದೆ.

ಮಳೆ ಮತ್ತು ಲೆಕ್ಕ

ಕರಾವಳಿಯವರಿಗೆ ಮಳೆ ಬಗ್ಗೆ ಹೇಳಿಕೊಡಬೇಕಾಗಿಲ್ಲ. ಜೂನ್ ಬಂತೆಂದರೆ ಮಂಗಳೂರಿನ ನೆಹರೂ ಮೈದಾನದಲ್ಲಿ ಕ್ರಿಕೆಟ್ ಬಿಟ್ಟು ಫುಟ್‌ಬಾಲ್ ಶುರು. ಆದರೆ ಅಂತಾರಾಷ್ಟ್ರೀಯ ಪಂದ್ಯದ ಮಧ್ಯೆ ಮಳೆ ಬಂದರೆ ಸುಮ್ನೆ ಆಟ ಬದಲಿಸಿ ಕೂರಲು ಆಗುವುದಿಲ್ಲ. ಮಳೆ ಬಾರದಿದ್ದರೆ ಏನಾಗುತ್ತಿತ್ತು ಎಂದು ಯಾರಾದರೂ ಲೆಕ್ಕ ಹಾಕಲೇಬೇಕು.

ಅದನ್ನು ತಪ್ಪಾಗಿ ಲೆಕ್ಕ ಹಾಕಿದರೆ ಏನಾಗುತ್ತದೆ ಎನ್ನುವುದಕ್ಕೆ 1992ರ ವಿಶ್ವಕಪ್ ಸೆಮಿಫೈನಲ್ ನೋಡಬೇಕು. ಸಿಡ್ನಿಯಲ್ಲಿ ಇಂಗ್ಲೆಂಡ್ 45 ಓವರ್‌ಗಳಲ್ಲಿ 252 ಗಳಿಸಿತ್ತು. ವರ್ಣಭೇದದ ಬಹಿಷ್ಕಾರ ಮುಗಿಸಿ ಮೊದಲ ವಿಶ್ವಕಪ್ ಆಡುತ್ತಿದ್ದ ದಕ್ಷಿಣ ಆಫ್ರಿಕಾಕ್ಕೆ 13 ಎಸೆತಗಳಲ್ಲಿ 22 ರನ್ ಬೇಕಿತ್ತು. ಕಷ್ಟ, ಆದರೆ ಆಗದ್ದೇನಲ್ಲ. ಆಗ ಮಳೆ ಬಂತು. ನಿಂತು ಮತ್ತೆ ಆಟ ಶುರುವಾಗುವಾಗ ಎರಡು ಓವರ್ ಹೋಗಿತ್ತು. ಅಂದಿನ ನಿಯಮದ ಪ್ರಕಾರ, ಓವರ್ ಕಡಿಮೆ ಆದರೆ ಮೊದಲು ಆಡಿದ ತಂಡ ಅತಿ ಕಡಿಮೆ ರನ್ ಗಳಿಸಿದ ಓವರ್‌ಗಳನ್ನು ಗುರಿಯಿಂದ ಕಳೆಯಬೇಕು. ಇಂಗ್ಲೆಂಡ್ ಆಡುವಾಗ ಮೇರಿಕ್ ಪ್ರಿಂಗಲ್ ಒಂದೂ ರನ್ ಕೊಡದ ಮೇಡನ್ ಓವರ್‌ಗಳನ್ನು ಹಾಕಿದ್ದರು. ಚೆನ್ನಾಗಿ ಬೌಲ್ ಮಾಡಿದ್ದೇ ದಕ್ಷಿಣ ಆಫ್ರಿಕಾಕ್ಕೆ ಮುಳುವಾಯಿತು. ಎರಡು ಓವರ್ ಹೋಯಿತು, ಗುರಿ ಇಳಿದದ್ದು ಒಂದೇ ರನ್. ಒಂದು ಎಸೆತಕ್ಕೆ 21. ಮೈದಾನದ ಬೋರ್ಡ್ ಅದನ್ನೂ ತಪ್ಪಾಗಿ 22 ಎಂದು ತೋರಿಸಿತು. ಬ್ರಯಾನ್ ಮೆಕ್‌ಮಿಲನ್ ಒಂದು ರನ್ ಓಡಿ ತಲೆ ತಗ್ಗಿಸಿ ಹೊರಟರು.

ಆ ನಿಯಮದ ದೋಷ ಎಲ್ಲಿತ್ತು? ಮಳೆ ಬಾರದಿದ್ದರೆ ದಕ್ಷಿಣ ಆಫ್ರಿಕಾ ಏನು ಮಾಡುತ್ತಿತ್ತು ಎಂಬ ಪ್ರಶ್ನೆಗೆ ಅದು ಇಂಗ್ಲೆಂಡ್‌ನ ಓವರ್‌ಗಳಲ್ಲಿ ಉತ್ತರ ಹುಡುಕಿತು. ಪ್ರಶ್ನೆ ಒಂದು ಕಡೆ, ಉತ್ತರ ಇನ್ನೊಂದು ಕಡೆ.

ಇಂಗ್ಲೆಂಡ್‌ನ ಇಬ್ಬರು ಸಂಖ್ಯಾಶಾಸ್ತ್ರಜ್ಞರು, ಫ್ರಾಂಕ್ ಡಕ್‌ವರ್ತ್ ಮತ್ತು ಟೋನಿ ಲೂಯಿಸ್, ಇದನ್ನು ಬೇರೆ ರೀತಿ ನೋಡಿದರು. ಬ್ಯಾಟಿಂಗ್ ತಂಡದ ಕೈಯಲ್ಲಿರುವ ಬಂಡವಾಳ ಎರಡು: ಉಳಿದ ಓವರ್ ಮತ್ತು ಉಳಿದ ವಿಕೆಟ್. ಇವೆರಡೂ ಒಂದಕ್ಕೊಂದು ಅಂಟಿಕೊಂಡಿವೆ. 20 ಓವರ್ ಉಳಿದು 9 ವಿಕೆಟ್ ಕೈಯಲ್ಲಿದ್ದರೆ ಆ ಓವರ್‌ಗಳಿಗೆ ದೊಡ್ಡ ಬೆಲೆ. ಅದೇ 20 ಓವರ್, ಉಳಿದದ್ದು ಒಂದೇ ವಿಕೆಟ್ ಅಂದರೆ ಹೆಚ್ಚಿನ ಓವರ್‌ಗಳು ಬಳಕೆಗೇ ಬರುವುದಿಲ್ಲ. ಹಿಂದೆ ನಡೆದ ಪಂದ್ಯಗಳ ಸ್ಕೋರ್ ನೋಡಿ, ಪ್ರತಿ ಹಂತದಲ್ಲಿ ಎಷ್ಟು ಪಾಲು ಬಂಡವಾಳ ಉಳಿದಿರುತ್ತದೆ ಎಂದು ಅವರು ಪಟ್ಟಿ ಮಾಡಿದರು. ಮಳೆ ಎಷ್ಟು ಪಾಲು ಕಸಿದುಕೊಂಡಿತೋ ಅದಕ್ಕೆ ತಕ್ಕಂತೆ ಗುರಿ ಬದಲಾಗುತ್ತದೆ. 1997ರ ಜನವರಿ 1ರಂದು ಹರಾರೆಯಲ್ಲಿ ಜಿಂಬಾಬ್ವೆ, ಇಂಗ್ಲೆಂಡ್ ಪಂದ್ಯದಲ್ಲಿ ಇದು ಮೊದಲ ಬಾರಿಗೆ ಅಂತಾರಾಷ್ಟ್ರೀಯ ಕ್ರಿಕೆಟ್‌ನಲ್ಲಿ ಬಳಕೆಯಾಯಿತು. ನಂತರ ಸ್ಟೀವನ್ ಸ್ಟರ್ನ್ ಅದನ್ನು ತಿದ್ದಿದ್ದರಿಂದ ಈಗ ಮೂವರ ಹೆಸರೂ ಸೇರಿ ಡಿಎಲ್‌ಎಸ್. 1992ರ ಸಿಡ್ನಿ ಪಂದ್ಯಕ್ಕೆ ಈ ವಿಧಾನ ಹಚ್ಚಿದರೆ ಕೊನೆ ಎಸೆತದಲ್ಲಿ ಟೈಗೆ ನಾಲ್ಕು, ಗೆಲುವಿಗೆ ಐದು ರನ್ ಬೇಕಾಗುತ್ತಿತ್ತು. ಅಂದರೆ ಸಿಕ್ಸ್ ಹೊಡೆದಿದ್ದರೆ ಫೈನಲ್.

ಇಲ್ಲಿ ಒಂದು ಸೂಕ್ಷ್ಮ ಇದೆ. ಡಿಎಲ್‌ಎಸ್ "ದಕ್ಷಿಣ ಆಫ್ರಿಕಾ ಗೆಲ್ಲುತ್ತಿತ್ತು" ಎಂದು ಹೇಳುವುದಿಲ್ಲ. ಮಳೆಗೆ ಮೊದಲು ಎರಡು ತಂಡಗಳು ಎಲ್ಲಿ ನಿಂತಿದ್ದವೋ, ಮಳೆ ನಂತರವೂ ಸುಮಾರು ಅಲ್ಲೇ ನಿಲ್ಲಿಸಲು ನೋಡುತ್ತದೆ. ಒಳ್ಳೆ ಪರ್ಯಾಯ ಇತಿಹಾಸದ ಗುರುತೇ ಇದು. ಅದು ಫಲಿತಾಂಶ ಹೇಳುವುದಿಲ್ಲ, ಸಾಧ್ಯತೆ ಹೇಳುತ್ತದೆ.

ಒಂದು ಬದಲಾದರೆ ಉಳಿದದ್ದು ಹಾಗೇ ನಿಲ್ಲುವುದಿಲ್ಲ

ಸಾಧ್ಯತೆಯನ್ನು ಬಿಟ್ಟು ಫಲಿತಾಂಶಕ್ಕೆ ಹಾರುವುದೇ ನಮ್ಮ ಮಾತುಕತೆಗಳಲ್ಲಿ ಅತಿ ಜಾಸ್ತಿ ಕಾಣುವ ತಪ್ಪು. 2019ರ ಜುಲೈ 14ರ ಲಾರ್ಡ್ಸ್ ವಿಶ್ವಕಪ್ ಫೈನಲ್ ತೆಗೆದುಕೊಳ್ಳಿ. ಕೊನೆಯ ಮೂರು ಎಸೆತ, ಇಂಗ್ಲೆಂಡ್‌ಗೆ 9 ರನ್ ಬೇಕು. ಬೆನ್ ಸ್ಟೋಕ್ಸ್ ಎರಡನೇ ರನ್‌ಗೆ ಓಡಿ ಬಿದ್ದಾಗ ನ್ಯೂಜಿಲೆಂಡ್‌ನ ಮಾರ್ಟಿನ್ ಗಪ್ಟಿಲ್ ಎಸೆದ ಚೆಂಡು ಅವರ ಬ್ಯಾಟ್‌ಗೆ ತಾಗಿ ಬೌಂಡರಿಗೆ ಹೋಯಿತು. ಅಂಪೈರ್ ಆರು ರನ್ ಕೊಟ್ಟರು. ಫೀಲ್ಡರ್ ಚೆಂಡು ಎಸೆದ ಕ್ಷಣದಲ್ಲಿ ಬ್ಯಾಟ್ಸ್‌ಮನ್‌ಗಳು ಎರಡನೇ ರನ್‌ನಲ್ಲಿ ಒಬ್ಬರನ್ನೊಬ್ಬರು ದಾಟಿರಲಿಲ್ಲ. ಹಾಗಾಗಿ ಐದೇ ರನ್ ಕೊಡಬೇಕಿತ್ತು ಎಂದು ಮಾಜಿ ಅಂಪೈರ್ ಸೈಮನ್ ಟೌಫೆಲ್ ನಂತರ ಹೇಳಿದರು.

ಆಗ ಬಹಳ ಮಂದಿ ಮಾಡಿದ ಲೆಕ್ಕ ಇದು: ಪಂದ್ಯ 241ರಲ್ಲಿ ಟೈ ಆಯಿತು. ಒಂದು ರನ್ ಕಡಿಮೆ ಆಗಿದ್ದರೆ 240. ಹಾಗಾದರೆ ನ್ಯೂಜಿಲೆಂಡ್ ಚಾಂಪಿಯನ್.

ಈ ಲೆಕ್ಕ ನಿಲ್ಲುವುದಿಲ್ಲ. ಐದು ರನ್ ಕೊಟ್ಟಿದ್ದರೆ ಎರಡು ಎಸೆತಕ್ಕೆ ಮೂರು ಅಲ್ಲ, ನಾಲ್ಕು ಬೇಕಿತ್ತು. ಸ್ಟ್ರೈಕ್‌ನಲ್ಲಿ ಸ್ಟೋಕ್ಸ್ ಇರುತ್ತಿರಲಿಲ್ಲ, ಆದಿಲ್ ರಶೀದ್ ಇರುತ್ತಿದ್ದರು. ನ್ಯೂಜಿಲೆಂಡ್ ಬೌಲರ್ ಟ್ರೆಂಟ್ ಬೌಲ್ಟ್ ಬೇರೆ ಎಸೆತ ಹಾಕುತ್ತಿದ್ದರು, ಫೀಲ್ಡರ್‌ಗಳು ಬೇರೆ ಜಾಗದಲ್ಲಿ ನಿಲ್ಲುತ್ತಿದ್ದರು. ನಿಜವಾಗಿ ನಡೆದ ಕೊನೆಯ ಎರಡು ಎಸೆತಗಳು ಆ ಇತಿಹಾಸದಲ್ಲಿ ಇಲ್ಲವೇ ಇಲ್ಲ. ನಾವು ಹೇಳಬಹುದಾದದ್ದು ಇಷ್ಟೇ: ನ್ಯೂಜಿಲೆಂಡ್ ಗೆಲ್ಲುವ ಸಾಧ್ಯತೆ ಬಹಳ ಹೆಚ್ಚುತ್ತಿತ್ತು. ನನ್ನ ಮಟ್ಟಿಗೆ ಅನ್ಯಾಯ ಆಯಿತು ಎನ್ನಲು ಅಷ್ಟೇ ಸಾಕು. ಸೂಪರ್ ಓವರ್ ಕೂಡ ಟೈ ಆದಾಗ ಬೌಂಡರಿ ಎಣಿಸಿ ಇಂಗ್ಲೆಂಡ್‌ಗೆ ವಿಶ್ವಕಪ್ ಕೊಟ್ಟ ನಿಯಮವನ್ನು ಅದೇ ವರ್ಷ ಅಕ್ಟೋಬರ್‌ನಲ್ಲಿ ಐಸಿಸಿ ತೆಗೆದುಹಾಕಿತು.

ಆರ್‌ಸಿಬಿಯವರ 2016ರ ಐಪಿಎಲ್ ಫೈನಲ್ ದುಃಖಕ್ಕೂ ಇದೇ ಮಾತು. ಚಿನ್ನಸ್ವಾಮಿಯಲ್ಲಿ ಹೈದರಾಬಾದ್ 208 ಹೊಡೆಯಿತು, ಆರ್‌ಸಿಬಿ 200ಕ್ಕೆ ನಿಂತಿತು. ಶೇನ್ ವಾಟ್ಸನ್ ಹಾಕಿದ ಕೊನೆ ಓವರ್‌ನಲ್ಲಿ 24 ರನ್ ಬಂದಿತ್ತು. ಅದು 12 ಆಗಿದ್ದರೆ ಹೈದರಾಬಾದ್ 196, ನಮ್ಮದು 200, ಗೆದ್ದೆವು ಅನ್ನುತ್ತಾರೆ. ಆದರೆ 197ರ ಗುರಿ ಇದ್ದಿದ್ದರೆ ಗೇಲ್ ಮತ್ತು ಕೊಹ್ಲಿ ಅದೇ ವೇಗದಲ್ಲಿ 10.3 ಓವರ್‌ಗೆ 114 ಹೊಡೆಯುತ್ತಿದ್ದರು ಎಂದು ಯಾರು ಹೇಳಬೇಕು? ಗುರಿ ಬದಲಾದರೆ ಓಟವೂ ಬದಲಾಗುತ್ತದೆ.

ಏನೂ ಕದಲದ ಹಾಗೆ ಬದಲಾಯಿಸಬಹುದಾದ ಸಂದರ್ಭಗಳು ಬಹಳ ಅಪರೂಪ. ಬ್ರಾಡ್‌ಮನ್ ಅಂಥದ್ದೊಂದು. 1948ರಲ್ಲಿ ಓವಲ್‌ನಲ್ಲಿ ಕೊನೆಯ ಇನ್ನಿಂಗ್ಸ್‌ಗೆ ಇಳಿದಾಗ ಸರಾಸರಿ ಸರಿಯಾಗಿ 100 ಆಗಲು ಬೇಕಿದ್ದದ್ದು ನಾಲ್ಕು ರನ್. ಎರಿಕ್ ಹಾಲೀಸ್ ಅವರನ್ನು ಸೊನ್ನೆಗೆ ಬೌಲ್ಡ್ ಮಾಡಿದರು. 6996 ರನ್, 70 ಬಾರಿ ಔಟ್, 99.94. ಆಸ್ಟ್ರೇಲಿಯಾ ಇನ್ನಿಂಗ್ಸ್ ಅಂತರದಿಂದ ಗೆದ್ದದ್ದರಿಂದ ಮತ್ತೊಮ್ಮೆ ಆಡುವ ಪ್ರಶ್ನೆಯೇ ಬರಲಿಲ್ಲ. ಅದು ಅವರ ಕೊನೆಯ ಟೆಸ್ಟ್. ಹಾಗಾಗಿ ಆ ನಾಲ್ಕು ರನ್ ಬಂದಿದ್ದರೆ ಮುಂದೆ ಅವರ ಲೆಕ್ಕದಲ್ಲಿ ಏನೂ ಕೆಡುತ್ತಿರಲಿಲ್ಲ. ಇದು ಇತಿಹಾಸಕ್ಕಿಂತ ಬರೀ ಭಾಗಾಕಾರ.

ಸುರತ್ಕಲ್ ಹುಡುಗನ 107 ಎಸೆತ

2023ರ ನವೆಂಬರ್ 19ರ ವಿಶ್ವಕಪ್ ಫೈನಲ್ ನಂತರ ನಮ್ಮೂರಿನ ಹೋಟೆಲುಗಳಲ್ಲಿ ತುಂಬಾ ದಿನ ಓಡಿದ ಪ್ರಶ್ನೆ ಒಂದೇ. ಕೆ.ಎಲ್. ರಾಹುಲ್ ಸ್ವಲ್ಪ ಬೇಗ ಆಡಿದ್ದರೆ? ರಾಹುಲ್ ಬೆಳೆದದ್ದು ಸುರತ್ಕಲ್‌ನಲ್ಲಿ, ತಂದೆ ಅಲ್ಲಿನ ಎನ್‌ಐಟಿಕೆಯಲ್ಲಿ ಪ್ರಾಧ್ಯಾಪಕರಾಗಿದ್ದವರು. ಹಾಗಾಗಿ ಸಿಟ್ಟೂ ಮನೆಯವರದ್ದೇ, ಸಮರ್ಥನೆಯೂ ಮನೆಯವರದ್ದೇ. ಅಹಮದಾಬಾದ್ ಫೈನಲ್‌ನಲ್ಲಿ ಅವರು 107 ಎಸೆತಗಳಲ್ಲಿ 66 ಹೊಡೆದರು. ಒಂದೇ ಬೌಂಡರಿ. ಭಾರತ 240. ಆಸ್ಟ್ರೇಲಿಯಾದ ಟ್ರಾವಿಸ್ ಹೆಡ್ 137 ಹೊಡೆದು ಏಳು ಓವರ್ ಉಳಿಸಿ ಗೆಲ್ಲಿಸಿದರು.

ರಾಹುಲ್‌ರ ಆ 66ನ್ನು 107ರ ಬದಲು 80 ಎಸೆತಕ್ಕೆ ಮುಗಿಸಿಬಿಟ್ಟರೆ 27 ಎಸೆತ ಉಳಿಯುತ್ತದೆ, ಅದರಲ್ಲಿ 30 ರನ್ ಬರುತ್ತಿತ್ತು ಎನ್ನುವುದು ಸುಲಭದ ವಾದ. ಆದರೆ ವೇಗ ಹೆಚ್ಚಿಸಿದರೆ ಅಪಾಯವೂ ಹೆಚ್ಚುತ್ತದೆ. ರಾಹುಲ್ ಕ್ರೀಸಿಗೆ ಬಂದದ್ದು 11ನೇ ಓವರ್‌ನಲ್ಲಿ, 81ಕ್ಕೆ 3 ವಿಕೆಟ್ ಬಿದ್ದಾಗ. ಅವರೂ ಬೇಗ ಹೋಗಿದ್ದರೆ 240 ಕೂಡ ಆಗದೇ ಇರಬಹುದಿತ್ತು. ಆ ಪುಟವನ್ನೂ ತೆರೆದು ನೋಡಬೇಕು.

ಇನ್ನೊಂದು ಅಂಕಿ ನೋಡಿ. ಕೊನೆಯ 40 ಓವರ್‌ಗಳಲ್ಲಿ ಇಡೀ ಭಾರತ ತಂಡ ಹೊಡೆದ ಬೌಂಡರಿ ನಾಲ್ಕು. ಕೊಹ್ಲಿ, ಜಡೇಜ, ಸೂರ್ಯಕುಮಾರ್ ಎಲ್ಲರೂ ಸೇರಿ. ಒಬ್ಬ ಮಾತ್ರ ನಿಧಾನ ಆಡಿದ್ದರೆ ಆ ಆಟಗಾರನ ಬಗ್ಗೆ ಮಾತಾಡಬಹುದು. ಎಲ್ಲರೂ ಕಟ್ಟಿಹಾಕಿದಂತೆ ಆಡಿದ್ದರೆ ಕಾರಣ ಪಿಚ್‌ನಲ್ಲಿದೆ, ಬೌಲಿಂಗ್‌ನಲ್ಲಿದೆ. ಮಧ್ಯಾಹ್ನ ಚೆಂಡು ನಿಂತು ಬರುತ್ತಿತ್ತು. ರಾತ್ರಿ ದೀಪದ ಬೆಳಕಿನಲ್ಲಿ, ಇಬ್ಬನಿಯೊಂದಿಗೆ ಬ್ಯಾಟಿಂಗ್ ಸಲೀಸಾಯಿತು. 47ಕ್ಕೆ 3 ವಿಕೆಟ್ ಕಳೆದುಕೊಂಡ ಆಸ್ಟ್ರೇಲಿಯಾ ಮುಂದೆ 192 ರನ್ ಜೊತೆಯಾಟ ಆಡಿತು. ಟಾಸ್ ಗೆದ್ದ ಪ್ಯಾಟ್ ಕಮಿನ್ಸ್ ಮೊದಲು ಬೌಲಿಂಗ್ ಆರಿಸಿಕೊಂಡಿದ್ದರು. ಒಂದೇ ಒಂದು ವಿಷಯ ಬದಲಿಸಲು ಬಿಟ್ಟರೆ ನಾನು ರಾಹುಲ್ ಬ್ಯಾಟಿಂಗ್ ಮುಟ್ಟುವುದಿಲ್ಲ, ಆ ನಿರ್ಧಾರವನ್ನು ಬದಲಿಸುತ್ತೇನೆ. ಅತಿ ಸಣ್ಣ ಬದಲಾವಣೆಯಿಂದ ಅತಿ ದೊಡ್ಡ ವ್ಯತ್ಯಾಸ ಎಲ್ಲಿ ಬರುತ್ತದೋ ಅಲ್ಲಿ ಕಾರಣ ಇರುತ್ತದೆ.

ಕಾರಣ ಅಂದುಕೊಂಡದ್ದು ಕಾರಣವೇ ಅಲ್ಲದೇ ಇರುವುದೂ ಉಂಟು. 2007ರ ಸೆಪ್ಟೆಂಬರ್ 24ರಂದು ಜೋಹಾನ್ಸ್‌ಬರ್ಗ್‌ನಲ್ಲಿ ಪಾಕಿಸ್ತಾನದ ಮಿಸ್ಬಾ ಉಲ್ ಹಕ್ ಸ್ಕೂಪ್ ಮಾಡಿದ ಚೆಂಡು ಶ್ರೀಶಾಂತ್ ಕೈಗೆ ಬಂತು, ಭಾರತ ಐದು ರನ್‌ಗಳಿಂದ ಟಿ20 ವಿಶ್ವಕಪ್ ಗೆದ್ದಿತು. ಆ ಕ್ಯಾಚ್ ಬಿಟ್ಟಿದ್ದರೆ ಐಪಿಎಲ್ ಹುಟ್ಟುತ್ತಲೇ ಇರಲಿಲ್ಲ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ದಿನಾಂಕ ನೋಡಿದರೆ ಸಾಕು. ಬಿಸಿಸಿಐ ಐಪಿಎಲ್ ಘೋಷಿಸಿದ್ದು ಸೆಪ್ಟೆಂಬರ್ 13ರಂದು, ಫೈನಲ್‌ಗೆ ಹನ್ನೊಂದು ದಿನ ಮೊದಲು. ಅದೇ ವರ್ಷ ಎಸ್ಸೆಲ್ ಗುಂಪು ಐಸಿಎಲ್ ಎಂಬ ಬಂಡಾಯ ಲೀಗ್ ಕಟ್ಟಿ ಆಟಗಾರರನ್ನು ಸೆಳೆಯುತ್ತಿತ್ತು. ಮಂಡಳಿಯನ್ನು ಓಡಿಸಿದ್ದು ಆ ಭಯ ಮತ್ತು ಟಿವಿ ಹಣ. ಗೆಲುವು ಜನರನ್ನು ಟಿ20ಯತ್ತ ಎಳೆಯಿತು, 2008ರ ಜನವರಿಯಲ್ಲಿ ತಂಡಗಳಿಗೆ ಬಂದ ಬೆಲೆಯನ್ನು ಏರಿಸಿರಲೂ ಬಹುದು. ಹುಟ್ಟಿಸಿದ್ದು ಅದಲ್ಲ.

ಪಡುಕೋಣೆ, ಮೂಲ್ಕಿ

ಮರವಂತೆ ಕಡಲತೀರದ ಹತ್ತಿರ, ಸೌಪರ್ಣಿಕಾ ನದಿಯ ಆಚೆ ದಡದಲ್ಲಿ ಪಡುಕೋಣೆ ಇದೆ. ಪ್ರಕಾಶ್ ಪಡುಕೋಣೆ ಹುಟ್ಟಿ ಬೆಳೆದದ್ದು ಬೆಂಗಳೂರು, ಹೆಸರು ಈ ಊರಿನದು. 1980ರ ಮಾರ್ಚ್‌ನಲ್ಲಿ ಅವರು ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಫೈನಲ್‌ನಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿದರು. ಕಿಂಗ್ ಅದರ ಹಿಂದಿನ ಎರಡು ವರ್ಷದ ಚಾಂಪಿಯನ್.

ಇದರ ಮೇಲೆ ಒಂದು ಗಂಭೀರ ಅನುಮಾನ ಎತ್ತಬಹುದು. ಆಗ ಚೀನಾ ಅಂತಾರಾಷ್ಟ್ರೀಯ ಬ್ಯಾಡ್ಮಿಂಟನ್ ಫೆಡರೇಷನ್‌ನಲ್ಲಿ ಇರಲಿಲ್ಲ. 1981ರಲ್ಲಷ್ಟೇ ಒಳಗೆ ಬಂತು. ಚೀನೀ ಆಟಗಾರರು ಆಡಿದ್ದಿದ್ದರೆ ಪ್ರಕಾಶ್ ಗೆಲ್ಲುತ್ತಿದ್ದರೇ?

ಇಂಥ ಕಡೆ ಊಹೆ ಬಿಟ್ಟು, ನಾವು ಕಲ್ಪಿಸುವ ಪರಿಸ್ಥಿತಿ ನಿಜವಾಗಿ ಎಲ್ಲಾದರೂ ನಡೆದಿದೆಯೇ ಎಂದು ಹುಡುಕಬೇಕು. ಇಲ್ಲಿ ನಡೆದಿದೆ. 1981ರಲ್ಲಿ ಕೌಲಾಲಂಪುರದ ವಿಶ್ವಕಪ್ ಫೈನಲ್‌ನಲ್ಲಿ ಪ್ರಕಾಶ್ ಎದುರು ನಿಂತದ್ದು ಚೀನಾದ ಹಾನ್ ಜಿಯಾನ್, ಮುಂದೆ 1985ರಲ್ಲಿ ವಿಶ್ವ ಚಾಂಪಿಯನ್ ಆದವರು. ಪ್ರಕಾಶ್ 15-0, 18-16ರಿಂದ ಗೆದ್ದರು. ಒಂದು ಪಂದ್ಯದಿಂದ ಎಲ್ಲ ತೀರ್ಮಾನ ಆಗುವುದಿಲ್ಲ ನಿಜ. ಆದರೂ "ಚೀನಾ ಇರಲಿಲ್ಲ, ಹಾಗಾಗಿ ಗೆದ್ದರು" ಎನ್ನುವವರು ಆ 15-0ಗೆ ಉತ್ತರ ಕೊಡಬೇಕಾಗುತ್ತದೆ. ನನಗೆ ಆ ಅಂಕಿ ನೋಡುವಾಗೆಲ್ಲ ಹೆಮ್ಮೆ ಅನ್ನಿಸುತ್ತದೆ.

ಎಲ್ಲ ಪ್ರಶ್ನೆಗೂ ಹೀಗೆ ಪುರಾವೆ ಸಿಗುವುದಿಲ್ಲ. ಮೂಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್ 1964ರಲ್ಲಿ ಮದರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ 192 ಹೊಡೆದ ವಿಕೆಟ್‌ಕೀಪರ್. ಆ ಸರಣಿಯಲ್ಲಿ ಒಟ್ಟು 525 ರನ್. ಆದರೂ ಇಡೀ ಬದುಕಿನಲ್ಲಿ ಆಡಿದ್ದು 18 ಟೆಸ್ಟ್. ಇನ್ನೊಬ್ಬ ವಿಕೆಟ್‌ಕೀಪರ್ ಫಾರೂಕ್ ಎಂಜಿನಿಯರ್ ಅದೇ ಕಾಲದಲ್ಲಿ ಇಲ್ಲದಿದ್ದರೆ? ಒಬ್ಬ ಮನುಷ್ಯನನ್ನೇ ಇತಿಹಾಸದಿಂದ ತೆಗೆದುಬಿಟ್ಟರೆ ಅಲ್ಲಾಡುವ ಸಂಗತಿಗಳು ಲೆಕ್ಕಕ್ಕೆ ಸಿಗುವುದಿಲ್ಲ. ಒಬ್ಬರನ್ನು ಬರೀ ಬ್ಯಾಟ್ಸ್‌ಮನ್ ಆಗಿ ಆಡಿಸಿದ್ದರೆ ಎಂದು ಕೇಳುವುದು ಚಿಕ್ಕ ಪ್ರಶ್ನೆ, ಆಯ್ಕೆಗಾರರ ಕೈಯಲ್ಲಿದ್ದ ಪ್ರಶ್ನೆ. ಕುಂದರನ್ ಕೊನೆಗೆ ಸ್ಕಾಟ್ಲೆಂಡ್‌ನಲ್ಲಿ ನೆಲೆಸಿದರು, ಅಲ್ಲೂ ಆಡಿದರು.

ಐಕಳದ ಕರೆಯಲ್ಲಿ 13.62 ಸೆಕೆಂಡ್

2020ರ ಫೆಬ್ರವರಿ 1, ಐಕಳ ಕಂಬಳ. ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ಕರೆಯನ್ನು (ಕೆಸರಿನ ಓಟದ ದಾರಿ) 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಭಾಗಾಕಾರ ಮಾಡಿದರು. ನೂರು ಮೀಟರ್‌ಗೆ 9.55. ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ ಮಾಡಿದ ವಿಶ್ವದಾಖಲೆ 9.58. ಕೆಲವೇ ದಿನಗಳಲ್ಲಿ ಜಗತ್ತಿನ ಪತ್ರಿಕೆಗಳಲ್ಲಿ ನಮ್ಮ ಕಂಬಳ. ಕೇಂದ್ರ ಕ್ರೀಡಾ ಸಚಿವರು ಟ್ರಯಲ್ಸ್‌ಗೆ ಕರೆದರು. ಗೌಡರು ಟ್ರ್ಯಾಕ್ ಓಟ ಬೇರೆ, ಕಂಬಳ ಬೇರೆ ಎಂದು ಹೇಳಿ ಹೋಗಲಿಲ್ಲ. ಎರಡು ವಾರದಲ್ಲಿ ವೇಣೂರಿನಲ್ಲಿ ನಿಶಾಂತ್ ಶೆಟ್ಟಿ ಇನ್ನೂ ಬೇಗ ಓಡಿದರು, ಅದೇ ಲೆಕ್ಕದಲ್ಲಿ 9.51.

ನಮ್ಮೂರ ಇಬ್ಬರು ಎರಡೇ ವಾರದಲ್ಲಿ ವಿಶ್ವದಾಖಲೆಗಿಂತ ಮುಂದೆ ಹೋದರೆ, ಓಟಗಾರರನ್ನು ಅನುಮಾನಿಸುವ ಮೊದಲು ಭಾಗಾಕಾರವನ್ನು ಅನುಮಾನಿಸಬೇಕು. ನೂರು ಮೀಟರ್ ಓಟದಲ್ಲಿ ನಿಂತಲ್ಲಿಂದ ವೇಗ ಹಿಡಿಯುವ ಮೊದಲ ಮೀಟರ್‌ಗಳೇ ದುಬಾರಿ. ಓಟ ಸ್ವಲ್ಪ ಉದ್ದವಾದರೆ ಆ ಖರ್ಚು ಹೆಚ್ಚು ಮೀಟರ್‌ಗಳಿಗೆ ಹಂಚಿಹೋಗುತ್ತದೆ, ಸರಾಸರಿ ಚೆನ್ನಾಗಿ ಕಾಣುತ್ತದೆ. ಇದನ್ನು ಪರೀಕ್ಷಿಸಲು ಬೋಲ್ಟ್ ಅವರದ್ದೇ ಓಟ ಇದೆ. 2009ರ ಮೇನಲ್ಲಿ ಮ್ಯಾಂಚೆಸ್ಟರ್ ನಗರದ ರಸ್ತೆಯ ಮೇಲೆ ಹಾಕಿದ ನೇರ ಟ್ರ್ಯಾಕ್‌ನಲ್ಲಿ ಅವರು 150 ಮೀಟರ್ ಅನ್ನು 14.35 ಸೆಕೆಂಡಿನಲ್ಲಿ ಓಡಿದರು. ಅದರ ಕೊನೆಯ ನೂರು ಮೀಟರ್‌ಗೆ ಬೇಕಾದದ್ದು 8.70 ಸೆಕೆಂಡ್. ಯಾರೂ ಇದನ್ನು ನೂರು ಮೀಟರ್ ದಾಖಲೆ ಎಂದು ಬರೆಯಲಿಲ್ಲ, ಬರೆಯಬಾರದು ಕೂಡ. ಗೌಡರ ಓಟವನ್ನು ಪಕ್ಕದಲ್ಲಿ ಇಡಬೇಕಾದದ್ದು ಬರ್ಲಿನ್‌ನ ನೂರು ಮೀಟರ್ ಅಲ್ಲ, ಮ್ಯಾಂಚೆಸ್ಟರ್‌ನ ಈ ಓಟ. ಆಗ ಸರಾಸರಿ ವೇಗ ಇಬ್ಬರದೂ ಹೆಚ್ಚುಕಡಿಮೆ ಒಂದೇ, ಸೆಕೆಂಡಿಗೆ ಸುಮಾರು ಹತ್ತೂವರೆ ಮೀಟರ್.

ಹಾಗಿದ್ದರೆ ಅವರು ಬೋಲ್ಟ್‌ಗೆ ಸಮ ಅಂತಲಾ? ಇಲ್ಲಿ ಕೋಣಗಳು ಬರುತ್ತವೆ. ಓಟ ಶುರುವಾಗುವ ಗಂತಿನಿಂದ ಮುಗಿಯುವ ಮಂಜೊಟ್ಟಿವರೆಗೆ ಆ ಜೋಡಿ ಓಟಗಾರನನ್ನು ಎಳೆದುಕೊಂಡು ಹೋಗುತ್ತದೆ. ಮುಂದಕ್ಕೆ ಹೋಗುವ ಬಲವೆಲ್ಲ ಕಾಲಿನಿಂದಲೇ ಬರಬೇಕಾಗಿಲ್ಲ. ಅದೇ ಹೊತ್ತಿಗೆ ಕೆಸರು ಮತ್ತು ನೀರು ಹಿಂದಕ್ಕೆ ಎಳೆಯುತ್ತವೆ. ಬೀಳದೆ, ಕೋಣಗಳ ಲಯ ತಪ್ಪಿಸದೆ, ಆ ವೇಗದಲ್ಲಿ ಕಾಲು ಎತ್ತಿಡುವುದು ಬೇರೆಯೇ ವಿದ್ಯೆ. "ಗೌಡರು ಟ್ರ್ಯಾಕ್‌ನಲ್ಲಿ ಓಡಿದ್ದರೆ" ಎಂಬ ಪ್ರಶ್ನೆಯಲ್ಲಿ ನಾವು ಒಂದನ್ನಲ್ಲ, ನಾಲ್ಕೈದನ್ನು ಒಟ್ಟಿಗೆ ಬದಲಿಸುತ್ತಿದ್ದೇವೆ: ಕೋಣ, ಕೆಸರು, ದೂರ, ಗಡಿಯಾರ, ತರಬೇತಿ. ಉತ್ತರ ಸಿಗುವ ಪ್ರಶ್ನೆ ಅದಲ್ಲ. ಅವರು ಹೋಗದೇ ಇದ್ದದ್ದು ಬಹಳ ಸರಿಯಾದ ನಿರ್ಧಾರ ಎಂದು ನನ್ನ ಭಾವನೆ. ಅವರು ತಮ್ಮ ಆಟದಲ್ಲಿ ಜಗತ್ತಿನ ಅತ್ಯುತ್ತಮರಲ್ಲಿ ಒಬ್ಬರು. ಅದಕ್ಕೆ ಬೋಲ್ಟ್ ಹೆಸರಿನ ಸಹಾಯ ಬೇಡ.

ಕಾರ್ಕಳದಿಂದ ಒಂದು ಪ್ರಶ್ನೆ

ಕೊನೆಯದಾಗಿ, ನಾನು ತುಂಬಾ ಯೋಚಿಸುವ ಒಂದು ಪರ್ಯಾಯ ಇತಿಹಾಸ. ಇದರಲ್ಲಿ ಕ್ಯಾಚ್ ಇಲ್ಲ, ಟಾಸ್ ಇಲ್ಲ. ಕಾರ್ಕಳ ತಾಲ್ಲೂಕಿನ ಮಮತಾ ಪೂಜಾರಿ ಭಾರತ ಕಬಡ್ಡಿ ತಂಡದ ನಾಯಕಿ ಆಗಿದ್ದರು. 2010 ಮತ್ತು 2014ರ ಏಷ್ಯನ್ ಗೇಮ್ಸ್ ಚಿನ್ನ, 2012ರ ವಿಶ್ವಕಪ್, ಅರ್ಜುನ ಪ್ರಶಸ್ತಿ. 2014ರಲ್ಲಿ ಪುರುಷರಿಗೆ ಪ್ರೊ ಕಬಡ್ಡಿ ಶುರುವಾಯಿತು. 2016ರಲ್ಲಿ ಅದರ ಜೊತೆಗೇ ಮೂರು ತಂಡಗಳ ಮಹಿಳಾ ಕಬಡ್ಡಿ ಚಾಲೆಂಜ್ ನಡೆಯಿತು. ಮಮತಾ ಅದರಲ್ಲಿ ಒಂದು ತಂಡದ ನಾಯಕಿ. ಒಂದೇ ಸೀಸನ್, ಮುಂದಿನ ವರ್ಷ ಅದು ಮರಳಲಿಲ್ಲ.

ಎರಡು ವರ್ಷದ ನಂತರ, 2018ರ ಜಕಾರ್ತ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಭಾರತದ ಮಹಿಳೆಯರು ಇರಾನ್‌ಗೆ 24-27ರಿಂದ ಸೋತರು. ಲೀಗ್ ಮುಂದುವರಿದಿದ್ದರೆ ಆ ಚಿನ್ನ ಉಳಿಯುತ್ತಿತ್ತು ಎನ್ನಲು ಮನಸ್ಸು ತುಂಬಾ ಎಳೆಯುತ್ತದೆ. ಆದರೆ ಹೋಲಿಸಿ ನೋಡಲು ಪಕ್ಕದಲ್ಲೇ ಇನ್ನೊಂದು ತಂಡ ಇದೆ. ಪುರುಷರಿಗೆ ಆ ಹೊತ್ತಿಗೆ ಐದು ಸೀಸನ್ ಲೀಗ್ ಆಗಿತ್ತು, ಹಣ ಇತ್ತು, ಟಿವಿ ಇತ್ತು. ಅವರೂ ಅದೇ ಜಕಾರ್ತದಲ್ಲಿ ಅದೇ ಇರಾನ್‌ಗೆ ಸೆಮಿಫೈನಲ್‌ನಲ್ಲೇ ಸೋತರು. ಫಜಲ್ ಅತ್ರಾಚಲಿಯಂಥ ಇರಾನಿ ಆಟಗಾರರು ನಮ್ಮ ಲೀಗ್‌ನಲ್ಲೇ ನಮ್ಮ ಆಟ ಕಲಿತು ಬಂದಿದ್ದರು. ಇರಾನ್ ಮಹಿಳಾ ತಂಡಕ್ಕೆ ಕೋಚ್ ಆಗಿದ್ದವರು ಭಾರತದ ಶೈಲಜಾ ಜೈನ್. ಲೀಗ್ ಪದಕಕ್ಕೆ ಕಾವಲು ಅಲ್ಲ. ಆ ವಾದವನ್ನು ನಾನು ಬಿಟ್ಟುಕೊಡುತ್ತೇನೆ.

ಹಾಗಾದರೆ ಲೀಗ್ ಏನು ಬದಲಿಸುತ್ತಿತ್ತು? ಪುರುಷರ ಕಡೆ ನೋಡಿದರೆ ಅದು ಸ್ಪಷ್ಟ. ಕಬಡ್ಡಿ ಆಡಿ ಸಂಸಾರ ನಡೆಸಬಹುದು ಎಂಬುದು 2014ಕ್ಕಿಂತ ಮೊದಲು ಇರಲಿಲ್ಲ, ಆಮೇಲೆ ಬಂತು. ಅಲ್ಲಿವರೆಗೆ ರೈಲ್ವೆ, ಪೊಲೀಸ್, ಬ್ಯಾಂಕ್ ಕೆಲಸ ಸಿಕ್ಕಿದರೆ ಆಟ ಉಳಿಯುತ್ತಿತ್ತು, ಇಲ್ಲದಿದ್ದರೆ ಇಲ್ಲ. ಮಹಿಳೆಯರಿಗೆ 2016ರ ನಂತರವೂ ಅದೇ ಪರಿಸ್ಥಿತಿ ಮುಂದುವರಿಯಿತು. ಕ್ರಿಕೆಟ್‌ನಲ್ಲಿ ಐಪಿಎಲ್ ಬಂದು ಹದಿನೈದು ವರ್ಷದ ನಂತರ, 2023ರಲ್ಲಿ, ಮಹಿಳಾ ಲೀಗ್ ಬಂತು. ಆ ಮಧ್ಯೆ ಆಡುವ ವಯಸ್ಸು ದಾಟಿಹೋದ ಹುಡುಗಿಯರ ಲೆಕ್ಕ ಯಾರ ಹತ್ತಿರವೂ ಇಲ್ಲ. ಕಬಡ್ಡಿಯಲ್ಲಿ 2016ರಲ್ಲಿ ಆ ಬಾಗಿಲು ತೆರೆದೇ ಇತ್ತು. ಆಮೇಲಿನ ವರ್ಷಗಳಲ್ಲಿ ಕಾರ್ಕಳ, ಕುಂದಾಪುರ, ಬೆಳ್ತಂಗಡಿಯ ಶಾಲಾ ತಂಡಗಳಲ್ಲಿ ರೈಡ್ ಮಾಡಿದ ಹುಡುಗಿಯರಲ್ಲಿ ಎಷ್ಟು ಮಂದಿ ಪಿಯುಸಿ ನಂತರವೂ ಆಡುತ್ತಿದ್ದರು ಎನ್ನುವುದೇ ಇಲ್ಲಿ ಕೇಳಬೇಕಾದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ಜಕಾರ್ತಕ್ಕೆ ಹೋಗಬೇಕಾಗಿಲ್ಲ. ಅದೇ ಶಾಲೆಗಳ ಹುಡುಗರು 2014ರ ಮೊದಲು ಎಷ್ಟು ವರ್ಷ ಆಡಿದರು, ನಂತರ ಎಷ್ಟು ವರ್ಷ ಆಡಿದರು ಎಂದು ಅಲ್ಲಿನ ದೈಹಿಕ ಶಿಕ್ಷಕರನ್ನು ಕೇಳುವುದರಿಂದ ಶುರು ಮಾಡಬಹುದು.